ನಾನು ಮಾಡಿಸಿದ ಕಸ್ತೂರಿಯ ಮದುವೆ

ವರನಿಗೆ ಮೊದಲೇ ಹೆಂಡತಿ ಇದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಸ್ತೂರಿಯ ಕೈಯನ್ನು ನಾನೇ ಅವನ ಕೈಯಲ್ಲಿಟ್ಟೆ. ಊರು ಊರುಗಳಿಂದ ಬಂದ ಜನರ ಎದುರು, ಮಂತ್ರಿಗಳ ಪಕ್ಕದಲ್ಲಿ ನಿಂತು, ನಗುತ್ತ — ಹೌದು, ನಗುತ್ತಲೇ ಇಟ್ಟೆ.

ಇದನ್ನು ಹೇಳುವ ಅವಕಾಶ ಇಷ್ಟು ವರ್ಷ ಸಿಗಲಿಲ್ಲವೆಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಸಿಕ್ಕಿತ್ತು. ಕಸ್ತೂರಿಯೇ ನನ್ನ ಎದುರು ಕುಳಿತು ಕೇಳಿದ್ದಳು. ಅದನ್ನೂ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ನಮ್ಮ ಯಜಮಾನರು ಶಾಸಕರಾಗಿದ್ದರು. ಅಥಣಿಯಲ್ಲಿ ಮನೆ, ಹೊಳೆಯ ದಂಡೆಯಲ್ಲಿ ಕಬ್ಬು. ನಾನು ಚಿಕ್ಕೋಡಿಯ ಶಾಲಾ ಮಾಸ್ತರರ ಮಗಳು. ಜನ ಅವರನ್ನು ಅಣ್ಣಾ ಎಂದು ಕರೆಯುತ್ತಿದ್ದರು, ಹಾಗಾಗಿ ನಾನು ಎಲ್ಲರಿಗೂ ವೈನಿ — ಅಣ್ಣನ ಹೆಂಡತಿ. ಮದುವೆಯಾಗಿ ಬಂದಾಗಿನಿಂದ ನನ್ನ ಕೆಲಸವೆಂದರೆ ಬಂದವರಿಗೆಲ್ಲ ಚಹಾ ಮಾಡಿಸುವುದು. ಆದರೆ ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ — ಕೊರಳಲ್ಲಿ ಕೆಂಪು ಬಿಳಿ ಮಣಿಯ ಸರ ಹಾಕಿಕೊಂಡು ದೇವಿಯ ಹೆಸರಿನಲ್ಲಿ ಜೋಗ ಬೇಡಲು ಬರುವ ಹುಡುಗಿಯರನ್ನು. ದೇವಿಗೆ ಬಿಟ್ಟವರು ಅವರು. ಆ ಮಣಿಸರವನ್ನೇ ಮುತ್ತು ಎನ್ನುತ್ತಾರೆ; ಚಿಕ್ಕಂದಿನಲ್ಲೇ ಅದನ್ನು ಕಟ್ಟಿಸಿಕೊಂಡವರು. ಹೆಸರು ದೇವರದು, ಬದುಕು ಮಾತ್ರ ಊರಿನ ಉಳ್ಳವರ ಪಾಲಿನದು. ಒಮ್ಮೆ ಅವರಲ್ಲೊಬ್ಬಳಿಗೆ ಜೋಳ ನೀಡುವಾಗ ಅವಳ ಮುಖ ನೋಡಿದೆ. ನನ್ನ ಮಗಳ ವಯಸ್ಸು.

ಅಲ್ಲಿಂದ ಶುರುವಾಯಿತು. ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾನೂನು ಬಂದಿತ್ತು, ಆದರೆ ಕಾನೂನು ಊರೊಳಗೆ ಬಂದಿರಲಿಲ್ಲ. ಯಜಮಾನರ ಜೀಪು ತೆಗೆದುಕೊಂಡು ರಾಯಬಾಗ, ಕಾಗವಾಡ, ಐಗಳಿ ಎಂದು ತಿರುಗಿದೆ. ಬೈಸಿಕೊಂಡೆ. ಒಂದೂರಲ್ಲಿ ಸಗಣಿ ಎರಚಿದರು. "ಅಣ್ಣಾನ ಓಟಿಗಾಗಿ ವೈನಿ ನಾಟಕ ಮಾಡಾಕತ್ತಾಳ" ಎಂದು ಆಡಿಕೊಂಡರು. ಅದೊಂದು ಮಾತು ನನ್ನನ್ನು ಸುಡುತ್ತಿತ್ತು, ಏಕೆಂದರೆ ಅದು ನಿಜವಾಗಿರಲಿಲ್ಲ. ನಾನು ಮನಸಾರೆ ಮಾಡುತ್ತಿದ್ದೆ. ಈಗಲೂ ಹಾಗೆಯೇ ಹೇಳುತ್ತೇನೆ — ಮನಸಾರೆ ಮಾಡುತ್ತಿದ್ದೆ. ಅದಕ್ಕೇ ನನ್ನ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಕಸ್ತೂರಿ ಐಗಳಿಯವಳು. ತಾಯಿ ದ್ಯಾಮವ್ವ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು. ಮಗನಿಗೆ ಜ್ವರ ಬಿಡಲಿಲ್ಲವೆಂದು ಹರಕೆ ಹೊತ್ತು ಮಗಳಿಗೆ ಮುತ್ತು ಕಟ್ಟಿಸಿದ್ದಳು. ಮಗ ಉಳಿಯಲಿಲ್ಲ, ಮುತ್ತು ಉಳಿಯಿತು. ಆ ಮುತ್ತನ್ನು ಕಸ್ತೂರಿಯ ಕೊರಳಿನಿಂದ ನಾನೇ ನನ್ನ ಕೈಯಾರೆ ಕತ್ತರಿಸಿದೆ. ಅಂದು ಅವಳು ಕೊರಳು ಮುಟ್ಟಿಕೊಂಡು, "ಹಗೂರ ಆತ್ರಿ ವೈನಿಯಾರ" ಎಂದು ನಕ್ಕಿದ್ದಳು. ಆಮೇಲೆ ಇಂಥ ಹುಡುಗಿಯರಿಗಾಗಿ ನಾನು ತೆರೆದಿದ್ದ ಹೊಲಿಗೆ ತರಗತಿಗೆ ಬಂದಳು. ಕೈ ಬಹಳ ಚುರುಕು. ಹಾಡಿಕೊಳ್ಳುತ್ತ ಹೊಲಿಯುತ್ತಿದ್ದಳು. ನನ್ನ ಮಗಳ ಮದುವೆಯ ಕುಪ್ಪಸಗಳನ್ನೆಲ್ಲ ಹೊಲಿದವಳು ಅವಳೇ.

ಐಗಳಿಯ ಒಂದು ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತರು. "ಮುತ್ತು ಬಿಚ್ಚಸೂದು ದೊಡ್ಡ ಮಾತಲ್ಲ ವೈನಿಯಾರ. ಬಿಚ್ಚಿದವ್ರನ್ನ ಮಾಡ್ಕೊಳ್ಳಾಂವ ಯಾರು, ಅದನ್ನ ಹೇಳ್ರಿ."

ಸಭೆಯೆಲ್ಲ ನಕ್ಕಿತು. ಹೆಂಗಸರೂ ನಕ್ಕರು. ನಾನು ಮೈಕು ಹಿಡಿದು, "ನಾ ಮಾಡಿಸಿ ತೋರಸ್ತೀನ್ರಿ, ಇದs ಅಥಣ್ಯಾಗ" ಎಂದೆ.

ಆ ಹಟದಿಂದ ಹುಟ್ಟಿದ್ದು ಸಾಮೂಹಿಕ ವಿವಾಹ. ತಿಂಗಳುಗಟ್ಟಲೆ ಓಡಾಡಿ ವರರನ್ನು ಹುಡುಕಿದೆ. ಮಂತ್ರಿಗಳು ಬರಲು ಒಪ್ಪಿದರು. ಕಸ್ತೂರಿಗೆ ನಾನು ಗೊತ್ತುಮಾಡಿದ್ದ ಹುಡುಗ ಮಾತ್ರ ಲಗ್ನ ಹತ್ತಿರ ಬಂದಾಗ ತನ್ನ ಮನೆಯವರ ಬಾಯಿಗೆ ಹೆದರಿ ಹಿಂದೆ ಸರಿದ. ಸಭೆಗಳಲ್ಲಿ ವಧುಗಳ ಹೆಸರು ಹೇಳುವಾಗ ನಾನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದುದು ಕಸ್ತೂರಿಯ ಹೆಸರನ್ನು. ಅವಳ ಮದುವೆಯೇ ಇಲ್ಲವೆಂದರೆ — ಆಗ ಕಾರ್ಯಕರ್ತರೊಬ್ಬರು ಸದಲಗಾದ ಶಂಕರನನ್ನು ಕರೆತಂದರು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು, ನೋಡಲು ಲಕ್ಷಣವಾಗಿದ್ದ, ಮಾತು ಮೃದು. ಮನೆತನ ವಿಚಾರಿಸಲು ಸದಲಗಾಕ್ಕೆ ಯಾರನ್ನೂ ಕಳಿಸಲಿಲ್ಲ. ಸಮಯವಿರಲಿಲ್ಲ ಎಂದುಕೊಂಡೆ. ನನ್ನ ಮಗಳಿಗಾಗಿದ್ದರೆ ಸಮಯ ಇರುತ್ತಿತ್ತು.

"ಹುಡುಗನ್ನ ಒಮ್ಮೆ ಮಾತಾಡಸ್ತಿ ಏನವ್ವಾ?" ಎಂದು ಕಸ್ತೂರಿಯನ್ನು ಕೇಳಿದೆ.

"ನೀವು ನೋಡೀರಲ್ರಿ. ಮತ್ತ ನಾ ಏನ್ ನೋಡೂದು?" ಎಂದಳು.

ಮದುವೆಯ ದಿನ ಬೆಳಿಗ್ಗೆ ಒಬ್ಬ ಹೆಂಗಸು ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಬಂದಳು. ಕಂಕುಳಲ್ಲಿ ಕೂಸು. ಮುಂದಿನ ಬಾಗಿಲಲ್ಲಿ ಕಾರ್ಯಕರ್ತರ ಗದ್ದಲವಿತ್ತು, ಅದಕ್ಕೇ ಹಿಂದಿನಿಂದ ಬಂದಿದ್ದಳು. ಹೆಸರು ಸುಶೀಲಾ. ತವರು ಕೊಗನೊಳ್ಳಿ, ಗಂಡನ ಮನೆ ಸದಲಗಾ.

"ಶಂಕರ ನನ್ನ ಗಂಡ ಅದಾನ್ರಿ ವೈನಿಯಾರ," ಎಂದಳು. "ಇದು ಅವನ ಕೂಸs ಐತ್ರಿ. ಗಂಡಕೂಸು ಆಗಲಿಲ್ಲಂತ ನನ್ನ ತವರಿಗೆ ಕಳಿಸ್ಯಾನ. ಇವತ್ತ ಇಲ್ಲಿ ಲಗ್ನ ಆಗಾಕತ್ತಾನಂತ ನಿನ್ನೆ ಕಿವಿಗಿ ಬಿತ್ತ್ರಿ. ನೀವು ಹೆಣ್ಮಕ್ಕಳ ಪರವಾಗಿ ನಿಲ್ತೀರಂತ... ಅದಕ್ಕ ಬಂದೆ."

ಕೂಸಿನ ಮುಖದಲ್ಲಿ ಶಂಕರನ ಕಣ್ಣು, ಶಂಕರನ ಗದ್ದ. ಸಾಕ್ಷಿ ಬೇಕಾಗಿರಲಿಲ್ಲ. ಅವಳು ಹೇಳುವುದು ನಿಜವೆಂದು ನನಗೆ ಆ ಕ್ಷಣದಲ್ಲೇ ತಿಳಿಯಿತು. ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ — ಆಗ ಅನುಮಾನವಿತ್ತು, ಗಡಿಬಿಡಿಯಿತ್ತು, ತಲೆ ಓಡಲಿಲ್ಲ ಎಂದು. ಇಲ್ಲ. ತಲೆ ಚೆನ್ನಾಗಿಯೇ ಓಡಿತು. ಮಂಟಪ ಕಣ್ಣ ಮುಂದೆ ಬಂತು. ಐಗಳಿಯ ಆ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಲು ನಾನೇ ಹೇಳಿಕಳಿಸಿದ್ದು ನೆನಪಾಯಿತು. ಈಗ ಇದು ಹೊರಬಿದ್ದರೆ ಅವರು ಮತ್ತೆ ನಗುತ್ತಾರೆ, ಸಭೆಯೆಲ್ಲ ಮತ್ತೆ ನಗುತ್ತದೆ...

ಸುಶೀಲಾಳ ಭುಜ ಹಿಡಿದು ಹೇಳಿದೆ: "ನೀ ಚಿಂತಿ ಮಾಡಬ್ಯಾಡ. ಈ ಲಗ್ನ ಆಗೂದಿಲ್ಲ, ನಾ ನಿಲ್ಲಸ್ತೀನಿ. ನೀ ಇಲ್ಲಿದ್ರ ಗದ್ಲ ಆಗ್ತೈತಿ. ಊರಿಗೆ ನಡಿ."

ಇವೇ ನಾನಾಡಿದ ಮಾತುಗಳು. ಅವಳು ನನ್ನ ಕಾಲು ಮುಟ್ಟಿದಳು. ಕೂಸಿನ ತಲೆಯನ್ನೂ ನನ್ನ ಪಾದಕ್ಕೆ ತಾಗಿಸಿದಳು. ಡ್ರೈವರನನ್ನು ಕರೆದು, ಅವಳನ್ನು ಜೀಪಿನಲ್ಲಿ ಕೊಗನೊಳ್ಳಿಗೆ ಬಿಟ್ಟು ಬರಲು ಹೇಳಿದೆ. ಜೀಪು ಹೋದಮೇಲೆ ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟುಕೊಂಡೆ.

ರಾಜಕಾರಣಿ ಗಂಡ ಒತ್ತಾಯ ಮಾಡಿರಬೇಕು, ಪಾಪ, ಹೆಂಡತಿ ಏನು ಮಾಡಿಯಾಳು ಎಂದು ಓದುವವರು ಅಂದುಕೊಳ್ಳಬಹುದು. ಹಾಗಲ್ಲ. ಅವರಿಗೆ ನಾನು ಹೇಳಲೇ ಇಲ್ಲ. ಬಹಳ ವರ್ಷಗಳ ಮೇಲೆ, ಚುನಾವಣೆ ಸೋತು ಮನೆಯಲ್ಲಿ ಕುಳಿತಿದ್ದಾಗ, ಅವರಿಗೆ ಎಲ್ಲವನ್ನೂ ಹೇಳಿದೆ. "ನನಗ ಹೇಳಿದ್ರ ಅವತ್ತs ನಿಲ್ಲಸ್ತಿದ್ದೆ," ಎಂದರು. "ಮಂತ್ರಿಗೋಳು ಏನ್ ಅಂತಿದ್ರು? ಒಂದ್ ಜೋಡಿ ಕಡಿಮಿ ಅಂತಿದ್ರು, ಅಷ್ಟs." ನಿಜ, ಅವರು ನಿಲ್ಲಿಸುತ್ತಿದ್ದರು. ಮೈಯೆಲ್ಲ ರಾಜಕಾರಣ ಎಂದು ನಾನು ಒಳಗೊಳಗೇ ಹಗುರವಾಗಿ ಕಂಡ ಮನುಷ್ಯ. ನಾನೋ, ಸಮಾಜ ಸುಧಾರಿಸಲು ಹೊರಟವಳು...

ಮದುವೆ ಆಯಿತು. ಕಸ್ತೂರಿ ಹಸಿರು ಸೀರೆ ಉಟ್ಟಿದ್ದಳು. ಮಂತ್ರಿಗಳು ನನ್ನನ್ನು ತಾಯಿ ಎಂದು ಕರೆದರು, ಜನ ಚಪ್ಪಾಳೆ ತಟ್ಟಿದರು. ಐಗಳಿಯ ಹಿರಿಯರು ವೇದಿಕೆಗೆ ಬಂದು ಕೈಮುಗಿದು, "ಸೋತೆ ನಮ್ಮವ್ವಾ" ಎಂದರು. ನನಗೆ ಸಂತೋಷವಾಯಿತು. ಆ ಹೊತ್ತಿನಲ್ಲಿ ನನಗೆ ನಿಜವಾಗಿಯೂ ಸಂತೋಷವಾಯಿತು — ಬರೆಯಲು ಅತ್ಯಂತ ಕಷ್ಟವಾದ ವಾಕ್ಯ ಇದೇ.

ಶಂಕರ ಅವಳನ್ನು ಸದಲಗಾಕ್ಕೆ ಕರೆದೊಯ್ಯಲಿಲ್ಲ. ಗಡಿಯಾಚೆ, ಕೊಲ್ಹಾಪುರದ ಕಡೆ ಒಂದು ಕೋಣೆ ಮಾಡಿದ. ಆ ವರ್ಷದ ಕಬ್ಬಿನ ಹಂಗಾಮು ಮುಗಿಯುವುದರೊಳಗೆ ಸುಶೀಲಾಳ ಅಣ್ಣಂದಿರು ಅದನ್ನು ಪತ್ತೆ ಹಚ್ಚಿದರು. ಅವರ ಸಿಟ್ಟೆಲ್ಲ ಶಂಕರನ ಮೇಲಲ್ಲ, ಕಸ್ತೂರಿಯ ಮೇಲೆ. ಕೂದಲು ಹಿಡಿದು ಬೀದಿಗೆ ಎಳೆದರು. ಅವಳು ಯಾರ ಮಗಳು, ಹಿಂದೆ ಏನಾಗಿದ್ದವಳು ಎಂಬುದನ್ನು ಕನ್ನಡದಲ್ಲೂ ಮರಾಠಿಯಲ್ಲೂ ಓಣಿಗೆಲ್ಲ ಕೇಳುವಂತೆ ಸಾರಿದರು. ಶಂಕರ ಬಾಗಿಲಲ್ಲಿ ನಿಂತು ನೋಡಿದನಂತೆ. ಮುಂದೆ ಅವನು ಸುಶೀಲಾಳ ಬಳಿಗೂ ಹೋಗಲಿಲ್ಲ.

ಕಸ್ತೂರಿ ನೇರವಾಗಿ ನಮ್ಮ ಮನೆಗೆ ಬಂದಳು. ತುಟಿ ಒಡೆದಿತ್ತು. ಪಡಸಾಲೆಯಲ್ಲಿ ನನ್ನ ಎದುರು ಕುಳಿತಳು. ಆಮೇಲೆ ಕೇಳಿದಳು:

"ವೈನಿಯಾರ, ಅಂವಗ ಹೇಂತಿ ಇದ್ದದ್ದು ನಿಮಗ ಗೊತ್ತಿತ್ತೇನ್ರಿ?"

ಬೇರೇನೂ ಕೇಳಲಿಲ್ಲ. ಆ ಪ್ರಶ್ನೆಯಲ್ಲಿ ಸಿಟ್ಟೂ ಇರಲಿಲ್ಲ. ನಾನು ಹೌದು ಎನ್ನಬೇಕಿತ್ತು. ಬಾಯಿಯವರೆಗೂ ಬಂದಿತ್ತು...

"ಇಲ್ಲವ್ವಾ," ಎಂದೆ. "ನನಗೂ ಮೋಸ ಆತು." ಅತ್ತುಬಿಟ್ಟೆ. ಅಳು ನಿಜವೇ ಆಗಿತ್ತು, ಮಾತು ಮಾತ್ರ ಸುಳ್ಳು.

ಆಗ ಅವಳು ಎದ್ದು ಬಂದು, ಒಡೆದ ತುಟಿಯ ಆ ಹುಡುಗಿ, ನನ್ನ ಕಣ್ಣೊರೆಸಿದಳು. "ನೀವ್ ಅಳಬ್ಯಾಡ್ರಿ. ನೀವ್ ಏನ್ ಮಾಡ್ತೀರಿ? ನನ್ನ ಹಣಿಬಾರ ಐತಿ" ಎಂದು ನನಗೇ ಸಮಾಧಾನ ಹೇಳಿದಳು.

ಹೊಲಿಗೆ ತರಗತಿಗೆ ಮತ್ತೆ ಬಾ ಎಂದೆ. ಬರಲಿಲ್ಲ. ಅಲ್ಲಿನ ಹುಡುಗಿಯರೂ ಒಬ್ಬೊಬ್ಬರಾಗಿ ಬಿಟ್ಟರು. ಕಸ್ತೂರಿಗೆ ಆದದ್ದನ್ನು ಕಂಡ ತಾಯಂದಿರು ಮಕ್ಕಳನ್ನು ನನ್ನ ಬಳಿ ಕಳಿಸಲು ಅಂಜಿದರು. ಕೆಲವರು ಮತ್ತೆ ಮುತ್ತು ಕಟ್ಟಿಸಿಕೊಂಡರು. ನಾನು ಕಟ್ಟಿದ್ದೆಲ್ಲ ನನ್ನ ಕಣ್ಣೆದುರೇ ಕುಸಿಯಿತು. ಕಸ್ತೂರಿ ಯಾರದೋ ಜೊತೆ ಮುಂಬಯಿಗೆ ಹೋದಳೆಂಬ ಸುದ್ದಿ ಬಂತು. ಮುಂಬಯಿಗೆ ಹೋಗುವುದೆಂದರೆ ಎಲ್ಲಿಗೆ ಎಂದು ನಮ್ಮ ಕಡೆ ಯಾರೂ ಬಿಡಿಸಿ ಕೇಳುವುದಿಲ್ಲ.

ತೊಂಬತ್ತರ ದಶಕದ ನಡುವೆ ಅವಳು ಐಗಳಿಗೆ ಮರಳಿ ಬಂದಳು, ಸಾಯಲಿಕ್ಕೆ. ಆ ರೋಗದ ಹೆಸರನ್ನು ಆಗ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಅವಳ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ನಾನು ಹೋದೆ. ಇಂದು ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಹೋದೆ. ಅವಳು ಹಾಸಿಗೆಯಲ್ಲಿ ಹಾಸಿಗೆಯಷ್ಟೇ ತೆಳ್ಳಗಾಗಿದ್ದಳು. ನನ್ನನ್ನು ಕಂಡವಳೇ ಕಣ್ಣರಳಿಸಿದಳು. "ಯವ್ವಾ, ವೈನಿಯಾರು ಬಂದಾರ, ಚಾ ಮಾಡು" ಎಂದು ದ್ಯಾಮವ್ವನನ್ನು ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಕುಡೀತೀರಿ ಹೌದಲ್ರಿ?" ಎಂದು ಕೇಳಿದಳು.

ಕುಡಿದೆ. ಅದೊಂದೇ ನಾನು ಅವಳಿಗಾಗಿ ಮಾಡಿದ್ದು. ಹೇಳಬೇಕಾದ್ದನ್ನು ಹೇಳದೆ ಎದ್ದು ಬಂದೆ. ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಅವಳು ತೀರಿಕೊಂಡಳು.

ಸುಶೀಲಾಳನ್ನು ಹುಡುಕಿಕೊಂಡು ಕೊಗನೊಳ್ಳಿಗೆ ಹೋದಾಗ ಅವಳು ಬಾಗಿಲಿಗೆ ಬಂದು ನನ್ನನ್ನು ಗುರುತಿಸಿದಳು. ಹಾಗೇ ತಿರುಗಿ ಒಳಗೆ ಹೋದಳು. ನಾನು ಅಂಗಳದಲ್ಲಿ ನಿಂತೇ ಇದ್ದೆ. ಮತ್ತೆ ಯಾರೂ ಹೊರಗೆ ಬರಲಿಲ್ಲ.

ಕೊನೆಗೆ ದ್ಯಾಮವ್ವನ ಬಳಿ ಹೋದೆ. ಕಸ್ತೂರಿ ಸತ್ತು ಮೂರು ನಾಲ್ಕು ವರ್ಷಗಳಾಗಿದ್ದವು. ಮುದುಕಿ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕುರ್ಚಿ ತರಲು ಎದ್ದಳು. ಬೇಡವೆಂದು ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ — ಹಿತ್ತಲಿಗೆ ಬಂದ ಸುಶೀಲಾ, ಅವಳಿಗೆ ನಾನು ಕೊಟ್ಟ ಮಾತು, ಕಸ್ತೂರಿಗೆ ಹೇಳಿದ ಸುಳ್ಳು. ಬೈಯಲಿ, ಹೊಡೆಯಲಿ, ಮಣ್ಣು ತೂರಲಿ ಎಂದು ಕಾದೆ. ಹೇಳಿದರೆ ಎದೆ ಹಗುರಾದೀತೆಂಬ ಆಸೆಯೂ ಇತ್ತು. ಮುಚ್ಚಿಡುವುದಿಲ್ಲ, ಆ ಆಸೆಯಿಂದಲೇ ಹೋಗಿದ್ದೆ.

ದ್ಯಾಮವ್ವನ ಕೈ ನಿಂತಿತು. ಮೊರವನ್ನು ಕೆಳಗಿಟ್ಟು ಹೇಳಿದಳು:

"ಸಾಯೂತನಕಾ ಅಕಿ ನಿಮ್ಮ ಹೆಸರು ಹೇಳ್ತಿದ್ಲರಿ. ಯವ್ವಾ, ಜಗತ್ತಿನ್ಯಾಗ ಒಬ್ಬರರೆ ನನಗ ಖರೇ ಇದ್ರು ಅಂತಿದ್ಲು. ಅಕಿ ಹೋದ ಮ್ಯಾಲ ನಾನೂ ಅದನ್ನs ನೆನಸಿ ನೆನಸಿ ದಿನಾ ತಗದೇನ್ರಿ. ಒಬ್ಬರರೆ ಇದ್ರಲ್ಲ ನನ್ನ ಮಗಳಿಗೆ, ಅಂತ."

ಮೊರದಲ್ಲಿದ್ದ ಜೋಳವನ್ನು ನೋಡುತ್ತ ಇನ್ನೂ ಹೇಳಿದಳು: "ಇದನ್ನ ಹೇಳಾಕ ನೀವು ಬರಬಾರ್ದಾಗಿತ್ರಿ."

ಅಷ್ಟು ಹೇಳಿ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಎದ್ದು ಸೆರಗು ಕೊಡವಿಕೊಂಡು ಅಥಣಿಯ ಬಸ್ಸಿಗೆ ನಡೆದೆ. ಮಗಳನ್ನು ಕಳೆದುಕೊಂಡವಳ ಬಳಿ ಉಳಿದಿದ್ದುದು ಆ ನಂಬಿಕೆಯೊಂದೇ. ಅದನ್ನೂ ತೆಗೆದುಕೊಂಡು ಬಂದಿದ್ದೆ.