ತೌರಿಗೆ ಬಂದವರು ಪಟ್ಟಿಯಲ್ಲಿಲ್ಲ

ಶಿವರಾತ್ರಿ ಕಳೆದು ವಾರವಾಗಿತ್ತು. ಚಳಿ ಶಿವಶಿವಾ ಎಂದು ಹೊರಟುಹೋಗಿ, ಬೆಳಿಗ್ಗೆ ಎಂಟಕ್ಕೇ ರೈಲಿನ ಕಿಟಕಿಯ ಸರಳು ಬೆಚ್ಚಗಾಗಿತ್ತು. ತುಮಕೂರಿನಲ್ಲಿ ಹತ್ತಿದ್ದೆ, ತಿಪಟೂರಿನಲ್ಲಿ ಇಳಿಯಬೇಕಿತ್ತು. ಗುಬ್ಬಿ ದಾಟಿದ ಮೇಲೆ ಶುರುವಾದ ತೆಂಗು ಮತ್ತೆ ಮುಗಿಯಲೇ ಇಲ್ಲ. ಅಮ್ಮಸಂದ್ರದಲ್ಲಿ ಗಾಡಿ ನಿಂತಾಗ ತಲೆಯೆತ್ತಿ ಸಿಮೆಂಟ್ ಕಾರ್ಖಾನೆಯ ಕಡೆ ನೋಡಿ, ಮತ್ತೆ ಕಾಗದಗಳಿಗೆ ಮರಳಿದೆ. ಆ ಊರಿನಲ್ಲಿ ನನಗೇನೂ ಕೆಲಸವಿರಲಿಲ್ಲ.

ನನ್ನ ಕೆಲಸ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು. ಯಾರು ಎಷ್ಟು ಓದಿದ್ದಾರೆ, ಯಾರು ಊರು ಬಿಟ್ಟಿದ್ದಾರೆ, ಯಾರಿಗೆ ಏನು ಕಾಯಿಲೆ, ಹದಿನೆಂಟು ವರ್ಷದಿಂದ ಇದನ್ನೇ ಬರೆದುಕೊಳ್ಳುತ್ತಿದ್ದೇನೆ. ಇದು ಎರಡನೆಯ ಸುತ್ತು. ಐದು ವರ್ಷದ ಹಿಂದೆ ಹೋಗಿದ್ದ ಮನೆಗಳಿಗೇ ಮತ್ತೆ ಹೋಗಿ ಏನು ಬದಲಾಗಿದೆ ಎಂದು ನೋಡಬೇಕು. ನಮ್ಮದೊಂದು ನಿಯಮವಿದೆ: ಕಳೆದ ಆರು ತಿಂಗಳಲ್ಲಿ ಹೆಚ್ಚು ದಿನ ಆ ಮನೆಯ ಒಲೆಯ ಅನ್ನ ಉಂಡವರು ಮಾತ್ರ ಆ ಮನೆಯವರು. ರಕ್ತ ಪರೀಕ್ಷೆಯೂ ಅವರಿಗೆ ಮಾತ್ರ. ನಾನು ನಿಯಮ ಮೀರಿದವಳಲ್ಲ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ತಿಪಟೂರಿನಲ್ಲಿ ಲಾಡ್ಜಿನಲ್ಲಿ ಬ್ಯಾಗಿಟ್ಟು, ಪಕ್ಕದ ಹೋಟೆಲಿನಲ್ಲಿ ಎರಡು ತಟ್ಟೆ ಇಡ್ಲಿ ತಿಂದೆ. ತೆಂಗಿನ ಸೀಮೆಯಲ್ಲೇ ಚಟ್ನಿಗೆ ಹುರಿಗಡಲೆ ಸುರಿದಿದ್ದರು. ಹಂದನಕೆರೆ ಕಡೆಯ ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ರಸ್ತೆಯುದ್ದಕ್ಕೂ ತೋಟ, ತೋಟದ ನಡುವೆ ಕೊಯ್ಲಾದ ರಾಗಿಯ ಹೊಲ. ಬಸ್ಸಿಳಿದು ಒಂದೂವರೆ ಕಿಲೋಮೀಟರ್ ನಡೆದರೆ ಗಂಗಮ್ಮನ ಮನೆ.

ಗಂಗಮ್ಮ ಅಟ್ಟದ ಏಣಿಯ ಬುಡದಲ್ಲಿ ಕೂತು, ವರ್ಷದಿಂದ ಅಟ್ಟದಲ್ಲಿ ಒಣಗಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಅವು ಒಂದು ಕಡೆ, ಸದ್ದಿಲ್ಲದವು ಇನ್ನೊಂದು ಕಡೆ. ನನ್ನ ಗುರುತು ಹಿಡಿಯಲು ಅವರಿಗೆ ಹೊತ್ತಾಗಲಿಲ್ಲ.

“ಬನ್ನಿ ಮೇಡಮ್ಮೋರೆ. ನೀವು ಬತ್ತೀರ ಅಂತ ಗೊತ್ತಿತ್ತು ಕಣ್ರೀ, ಆವತ್ತೇ ಹೇಳಿದ್ರಲ್ಲ.”

ಮಜ್ಜಿಗೆ ಕುಡಿದು ಟ್ಯಾಬ್ ತೆರೆದೆ. ಗಂಡ ಹೆಂಡತಿ ಇಬ್ಬರೇ ಸದಸ್ಯರು. ಕಿರಿಯ ಮಗಳು ಲತಾಳಿಗೆ ಮದುವೆಯಾಗಿ, ಅವಳು ಪಟ್ಟಿಯಿಂದ ಹೊರಗೆ. “ದೊಡ್ಡ ಮಗಳು ಸುಧಾ ಹೇಗಿದ್ದಾರೆ?” ಎಂದು ಕೇಳಿದೆ. ಅದು ಪಟ್ಟಿಯ ಪ್ರಶ್ನೆಯಲ್ಲ. ಹೋದ ಸಲ ಅವಳು ಅಮ್ಮಸಂದ್ರದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅಪ್ಪ ಅಮ್ಮ ತಂಗಿಯ ಬೆರಳು ಚುಚ್ಚಿ ರಕ್ತ ನೋಡಿದಾಗ ನಗುತ್ತ ತಾನೂ ಬೆರಳು ಚಾಚಿದ್ದಳು. “ನಿಮ್ಮದು ಬೇಡಮ್ಮ, ನೀವು ಗಂಡನ ಮನೆ ಲೆಕ್ಕಕ್ಕೆ ಬರ್ತೀರ” ಎಂದಿದ್ದೆ. ಆ ಬೆರಳು ಹಿಂದಕ್ಕೆ ಹೋದದ್ದು ನನಗೆ ನೆನಪಿತ್ತು.

ಗಂಗಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

“ನೀವು ಬಂದೋದ ಮುಂದಿನ ತಿಂಗ್ಳು ಹೋಗ್ಬುಟ್ಲು. ಹೆರಿಗೆ ಆಯ್ತು, ಆಮ್ಯಾಕೆ ರಕ್ತ ನಿಲ್ನೇ ಇಲ್ಲ. ಮೈನಾಗೆ ಮೊದ್ಲೇ ರಕ್ತ ಇರ್ನಿಲ್ವಂತೆ. ಮೊದ್ಲೇ ಗೊತ್ತಿದ್ರೆ ಏನಾರ ಮಾಡ್ಬೋದಿತ್ತು ಅಂದ್ರು ಡಾಕ್ಟ್ರು. ಕೂಸು ಉಳ್ಕಂತು, ಹೆಣ್ಣು. ಅಮ್ಮಸಂದ್ರದಾಗೈತೆ, ಅಜ್ಜಿ ತಾವ.”

ಅವರ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಾಣಂತಿಗೆಂದು ಎತ್ತಿಟ್ಟ ಕೊಬ್ಬರಿ ಡಬ್ಬಿಯಲ್ಲೇ ಕಮಟು ಹಿಡಿಯಿತು ಎಂದೂ ಹೇಳಿದರು. ಟ್ಯಾಬಿನ ಪರದೆಯ ಮೇಲೆ ಮುಂದಿನ ಪ್ರಶ್ನೆ ಇತ್ತು: ಕಳೆದ ಐದು ವರ್ಷದಲ್ಲಿ ಈ ಮನೆಯ ಸದಸ್ಯರಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ? ನಿಯಮದ ಪ್ರಕಾರ ಉತ್ತರ ‘ಇಲ್ಲ’. ಸುಧಾ ಈ ಮನೆಯ ಸದಸ್ಯೆಯಲ್ಲ. ಗಂಡನ ಮನೆ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಇದ್ದಿದ್ದರೂ ‘ಸೊಸೆ ತೌರಿಗೆ ಹೋಗಿದ್ದಾಳೆ’ ಎಂದು ಅವರು ಬಿಟ್ಟಿರುತ್ತಿದ್ದರು. ಹೆರಿಗೆಗೆ ತೌರಿಗೆ ಕಳಿಸುವ ಸೀಮೆಯಲ್ಲಿ ಬಸುರಿಯೇ ಎಲ್ಲೂ ಸಿಗದಂಥ ನಿಯಮ ಹಿಡಿದು ನಾನು ಇಷ್ಟು ವರ್ಷ ಊರೂರು ಅಲೆದಿದ್ದೆ. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು.

ಅಷ್ಟರಲ್ಲಿ ಒಳಗಿನಿಂದ ಲತಾ ಬಂದಳು. ಏಳು ತಿಂಗಳ ಬಸುರಿ. ಸೀಮಂತ ಮುಗಿಸಿ ಕರೆತಂದು ಹತ್ತು ದಿನವಾಗಿತ್ತು.

“ಈ ಸಲ ಇವ್ಳನ್ನ ಬುಡಬ್ಯಾಡಿ,” ಎಂದರು ಗಂಗಮ್ಮ. ಅವರು ನನ್ನನ್ನು ಕಾದಿದ್ದು ಇದಕ್ಕೆ.

“ತಾಯಿ ಕಾರ್ಡಲ್ಲಿ ಎಲ್ಲಾ ಸರಿಯಾಗೈತೆ ಅಂತ ಬರ್ದವ್ರೆ ಕಣಮ್ಮ,” ಎಂದಳು ಲತಾ. ಆದರೂ ಅಮ್ಮನ ಮುಖ ನೋಡಿ ಬೆರಳು ಚಾಚಿದಳು. ಅಕ್ಕನ ಬೆರಳಿನ ಹಾಗೇ ತೆಳ್ಳಗಿತ್ತು. ನಾನು ಚುಚ್ಚಿ ರಕ್ತದ ಹನಿಯನ್ನು ಸ್ಟ್ರಿಪ್ಪಿಗೆ ತಾಗಿಸಿದೆ. ಯಂತ್ರ ಹಿಮೋಗ್ಲೋಬಿನ್ ಆರು ಪಾಯಿಂಟ್ ಒಂಬತ್ತು ಎಂದು ತೋರಿಸಿತು. ಇನ್ನೊಂದು ಬೆರಳಲ್ಲಿ ನೋಡಿದರೂ ಅದೇ. ಹನ್ನೊಂದಾದರೂ ಇರಬೇಕಿತ್ತು.

ಮೇಲ್ವಿಚಾರಕರಿಗೆ ಫೋನ್ ಮಾಡಿ, ಪಟ್ಟಿಯಲ್ಲಿಲ್ಲದವಳ ರಕ್ತ ನೋಡಿದೆ ಎಂದು ಹೇಳಿದೆ. “ಎರಡು ಸ್ಟ್ರಿಪ್ ಹಾಳಾಯ್ತು ಅಂತ ಬರೀರಿ, ಸಾಕು,” ಎಂದರು, ಒಳ್ಳೆಯ ಮನಸ್ಸಿನಿಂದಲೇ.

“ಹಾಳಾಗಿಲ್ಲ ಸಾರ್,” ಎಂದೆ.

ಆ ದಿನ ಅಲ್ಲೇ ಉಳಿದೆ. ಮುದ್ದೆ, ಹುರುಳಿಕಾಳಿನ ಸಾರು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ಚಿಕ್ಕನಾಯಕನಹಳ್ಳಿಗೆ ಹೋದೆವು. ಆಸ್ಪತ್ರೆಯ ಸಾಲಿನಲ್ಲಿ ಎರಡು ಗಂಟೆ ನಿಂತೆವು. ಡಾಕ್ಟರಮ್ಮ ಕಾರ್ಡಿನಲ್ಲಿದ್ದ ಹಳೆಯ ಅಂಕಿ ಹೊಡೆದುಹಾಕಿ ಹೊಸದು ಬರೆದು, ಅವಳನ್ನು ಅಂದೇ ದಾಖಲು ಮಾಡಿಕೊಂಡರು. ರಕ್ತ ಕೊಡಬೇಕಾದೀತು, ಹೆರಿಗೆ ತುಮಕೂರಿನಲ್ಲೇ ಆಗಬೇಕು ಎಂದರು. “ಇನ್ನೂ ಎರಡು ತಿಂಗಳಿದೆ. ಸರಿಯಾದ ಹೊತ್ತಿಗೆ ಬಂದಿದೀರ.” ಗಂಗಮ್ಮ ಅದನ್ನು ಇನ್ನೊಂದು ಸಲ ಹೇಳಿಸಿಕೊಂಡರು.

ಹೊರಡುವಾಗ ಅವರು ವಾರ್ಡಿನ ಬಾಗಿಲವರೆಗೆ ಬಂದರು. “ಸುಧನ ಹೆಸ್ರು ಎಲ್ಲಾರ ಒಂದ್ಕಡೆ ಬರ್ಕಳಕಾಯ್ತದಾ ಮೇಡಮ್ಮೋರೆ?” ಎಂದು ಕೇಳಿದರು. ನೋಡುತ್ತೇನೆ ಎಂದೆ. ನಮ್ಮ ಕೆಲಸದವರ ‘ನೋಡುತ್ತೇನೆ’ಗೆ ಬೆಲೆ ಎಷ್ಟೆಂದು ನನಗೆ ಗೊತ್ತು.

ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಲಾರಿಗಳಿಗೆ ಎಳನೀರು ತುಂಬುತ್ತಿದ್ದರು. ಬಿಸಿಲು ನೆತ್ತಿ ಸುಡುತ್ತಿತ್ತು. ನಲವತ್ತು ರೂಪಾಯಿಗೆ ಒಂದು ಎಳನೀರು ಕುಡಿದು ತಿಪಟೂರಿಗೆ ಬಂದು, ಬ್ಯಾಗು ತೆಗೆದುಕೊಂಡು ಸಂಜೆಯ ರೈಲು ಹತ್ತಿದೆ.

ಅಮ್ಮಸಂದ್ರದಲ್ಲಿ ಗಾಡಿ ನಿಂತಿತು. ಈ ಸಲ ಕಿಟಕಿಯಿಂದ ಬಗ್ಗಿ ನೋಡಿದೆ. ಎಲ್ಲೋ ಆಚೆ ಬೀದಿಯಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಆಡುತ್ತಿರಬೇಕು. ಟ್ಯಾಬ್ ತೆರೆದೆ. ಸಾವಿನ ಪ್ರಶ್ನೆಗೆ ‘ಹೌದು’ ಒತ್ತಿದೆ. ಪಕ್ಕದ ಷರಾದಲ್ಲಿ, ನಿಯಮದಂತೆ ಇವರು ಸದಸ್ಯರಲ್ಲ, ಹೆರಿಗೆಗೆ ಬಂದಿದ್ದರು, ಬೆರಳು ಕೊಟ್ಟಿದ್ದರು, ನಾನು ಪರೀಕ್ಷಿಸಲಿಲ್ಲ ಎಂದು ಬರೆದೆ. ಟ್ಯಾಬ್ ಇನ್ನೂ ಎರಡು ವಿವರ ಕೇಳಿತು: ಹೆಸರು, ಮನೆಯವರಿಗೆ ಸಂಬಂಧ.

ಸುಧಾ, ಎಂದು ಬರೆದೆ. ಮಗಳು.