ಪಾಯಿಂಟಿನ ಊಟ ಏಕಾದಶಿಗೆ ಬಿತ್ತು

ಹೊಸಪೇಟೆಯಲ್ಲಿ ಮನೆ ಇದ್ದವರಿಗೆ ನೆಂಟರ ಕೊರತೆ ಇರುವುದಿಲ್ಲ. ಹಂಪಿ ನೋಡಲು ಬಂದ ಬೀಗರು, ಬೀಗರ ಬೀಗರು, ನಮ್ಮವರ ಕಾಲೇಜಿನ ಗೆಳೆಯರು, ಆ ಗೆಳೆಯರ ಪಕ್ಕದ ಮನೆಯವರು, ಎಲ್ಲರೂ ಬೆಳಿಗ್ಗೆ ವಿಠ್ಠಲನ ಗುಡಿ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೆ ಬರುತ್ತಾರೆ. ಕೈ ತೊಳೆಯುತ್ತಾ ಅವರು ಹೇಳುವ ಮಾತು ಒಂದೇ: "ನೀವು ಪುಣ್ಯವಂತರ್ರಿ, ದಿನಾ ಹಂಪಿ ನೋಡಬಹುದು." ನಾನು ದಿನಾ ನೋಡುವುದು ಹಂಪಿಯನ್ನಲ್ಲ, ಕುಕ್ಕರನ್ನು. ನಸುಕಿನಲ್ಲಿ ಎದ್ದು ಮಡಿಯಲ್ಲಿ ಅಡಿಗೆ ಮುಗಿಸಿ, ಕಂಪ್ಲಿ ಬಸ್ಸು ಹಿಡಿದು, ಅಲ್ಲಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿ, ಸಂಜೆ ಬಂದು ಮತ್ತೆ ಒಲೆಯ ಮುಂದೆ. ಭಾನುವಾರ ನೆಂಟರು. ಇದನ್ನು ದೂರು ಅಂತ ಹೇಳುತ್ತಿಲ್ಲ. ಇರಲಿ, ದೂರು ಅಂತಲೇ ತಿಳಿದುಕೊಳ್ಳಿ.

ನಮ್ಮವರು, ಅಂದರೆ ನನ್ನ ಗಂಡ, ಸಂಡೂರಿನ ಒಂದು ಗಣಿ ಕಂಪನಿಯ ಆಫೀಸಿನಲ್ಲಿದ್ದಾರೆ. ಎಲೆ ಅಡಿಕೆ ಇಲ್ಲ, ಇಸ್ಪೀಟಿಲ್ಲ, ಅವರಿಗಿರುವುದು ಒಂದೇ ಚಟ. ಕ್ರೆಡಿಟ್ ಕಾರ್ಡಿನ ಪಾಯಿಂಟು. ಆಫೀಸಿನಲ್ಲಿ ಯಾರ ರೈಲು ಟಿಕೆಟ್ಟೇ ಇರಲಿ, ತಮ್ಮ ಕಾರ್ಡಿನಲ್ಲಿ ತೆಗೆಸಿ ಆಮೇಲೆ ಅವರಿಂದ ದುಡ್ಡು ಇಸಿದುಕೊಳ್ಳುತ್ತಾರೆ. ಓಣಿಯಲ್ಲಿ ಯಾರಾದರೂ ಫ್ರಿಜ್ ತರಲು ಹೊರಟರೆ ಸಾಕು, "ತಡೀರಿ, ನನ್ನ ಕಾರ್ಡ್ ಉಜ್ಜೂಣು" ಎಂದು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋಗುತ್ತಾರೆ. ಮಗಳ ಮದುವೆಯಲ್ಲಿ, ಆಕೆಯನ್ನು ಕಳಿಸಿಕೊಡುವ ಹೊತ್ತಿಗೆ ನಾವೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರೆ, ಈ ಪುಣ್ಯಾತ್ಮರು ಒಂದು ಮೂಲೆಯಲ್ಲಿ ಅಡಿಗೆಯವರನ್ನು ನಿಲ್ಲಿಸಿಕೊಂಡು, "ಕಾರ್ಡ್ ನಡೀತದೇನ್ರಿ?" ಅಂತ ಕೇಳುತ್ತಿದ್ದರು.

ಹೋದ ವರ್ಷ ಒಂದು ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಬಂದರು. "ಪಾಯಿಂಟು ಸಾಯ್ತಾವಂತ. ಮುಂದಿನ ತಿಂಗಳದಾಗ ಖರ್ಚು ಮಾಡದಿದ್ರ ಎಲ್ಲಾ ಹೋಗ್ತಾವ." ಮರುದಿನವೇ ಹಾದಿಯನ್ನೂ ಅವರೇ ಹುಡುಕಿದರು. ನಮ್ಮದೇ ಕಾರಿನಲ್ಲಿ ಆಂಧ್ರ ದಾಟಿ ತಮಿಳುನಾಡು, ಪುದುಚೇರಿ, ಶ್ರೀರಂಗ, ಆಮೇಲೆ ಸೇಲಂ ಹಾಯ್ದು ವಾಪಸ್. ಹೋಟೆಲುಗಳೆಲ್ಲ ಪಾಯಿಂಟಿನ ಮೇಲೆ. ದಸರಾ ರಜೆ ನನಗೂ ಇತ್ತು.

ಕೇಳಿ ಖುಷಿಯಾಯಿತು, ಜೊತೆಗೇ ಎದೆ ಧಸಕ್ಕೆಂದಿತು. ಯಾಕೆಂದರೆ ಅತ್ತೆಯನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ, ಶ್ರೀರಂಗ ಎಂಬ ಹೆಸರು ಕಿವಿಗೆ ಬಿದ್ದಾಗಲೇ ಅವರ ಮುಖ ಅರಳಿತ್ತು. ಅತ್ತೆಗೆ ಎಪ್ಪತ್ತು ದಾಟಿದೆ, ಮಡಿ ಬಿಟ್ಟಿಲ್ಲ. ಹೊರಗಿನವರು ಬೇಯಿಸಿದ್ದನ್ನು ಮುಟ್ಟುವುದಿಲ್ಲ. ಹೀಗಾಗಿ ನಾವು ಎಲ್ಲಿಗೆ ಹೋದರೂ ನನ್ನ ಒಲೆ ನನ್ನ ಹಿಂದೆಯೇ ಬರುತ್ತದೆ. ಮಂತ್ರಾಲಯವಾಗಲಿ, ಉಡುಪಿಯಾಗಲಿ, ಯಾವ ಊರಿಗೆ ಹೋದರೂ ನಾನು ಮೊದಲು ಹುಡುಕುವುದು ನಲ್ಲಿ ಎಲ್ಲಿದೆ ಅಂತ.

ಈ ಸಲ ಗಟ್ಟಿ ಮನಸ್ಸು ಮಾಡಿದೆ. ಅತ್ತೆ ಅಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಅವರಿಗೂ ಕೇಳಲಿ ಅಂತಲೇ ಜೋರಾಗಿ ಅಂದೆ, "ನಾ ಬರ್ತೀನಿ. ಆದ್ರ ಹೊರಟಾಗಿಂದ ಹಿಡಿದು ತಿರುಗಿ ಮನಿ ಬಾಗಿಲಿಗೆ ಬರೂತನಕ ಒಲಿ ಹಚ್ಚೂದಿಲ್ಲ. ಯಾರರ ಮಾಡಿ ಬಡಿಸಿದ್ದನ್ನ ಕೂತು ತಿಂತೀನಿ. ಒಪ್ಪಿಗಿ ಇಲ್ಲಾಂದ್ರ ನಿಮ್ಮ ಪಾಯಿಂಟಿಗೆ ಉಪ್ಪು ಖಾರ ಹಚ್ಚಿಕೊಂಡು ನೀವs ತಿನ್ರಿ."

ನಮ್ಮವರು ಅಮ್ಮನ ಮುಖ ನೋಡಿದರು. ಅತ್ತೆ ತಲೆ ಎತ್ತಲಿಲ್ಲ. "ನನ್ನ ಚಿಂತಿ ಯಾಕ? ಹಾಲು, ಹಣ್ಣು, ಅವಲಕ್ಕಿ ಮ್ಯಾಲೆ ಇರ್ತೀನಿ. ಆಕಿ ಹೇಳಿದ್ದು ಬರೋಬರಿ ಅದ" ಎಂದರು.

ನನಗೆ ಸಿಟ್ಟು ಬಂತು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಅವಲಕ್ಕಿ ತಿಂದುಕೊಂಡು ಇರುತ್ತೇನೆ ಅನ್ನುವವರಿಗೆ ಏನು ಹೇಳುವುದು? ಹಟಕ್ಕೆ ನಾನೂ ಹಟ ಹಿಡಿದೆ.

ರಾಹುಕಾಲ, ಗುಳಿಕಕಾಲ ಎಲ್ಲ ನೋಡಿ ನಮ್ಮವರು ಹೊರಡುವ ಗಳಿಗೆ ಇಟ್ಟರು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಪಕ್ಕ ದೇವರ ಪೆಟ್ಟಿಗೆ, ಕಾಲ ಬಳಿ ಹೊಳೆ ನೀರಿನ ಕ್ಯಾನು. ಅವರ ಟ್ರಂಕು ಡಿಕ್ಕಿಯಲ್ಲಿ. ಎತ್ತಿಡುವಾಗ ಭಾರ ಇತ್ತು, ಅವಲಕ್ಕಿ ಡಬ್ಬಿಗಳೇ ಇರಬೇಕು ಅಂದುಕೊಂಡೆ. ಬಳ್ಳಾರಿ ದಾಟಿ ಆಂಧ್ರದ ಹಾದಿ ಹಿಡಿಯುತ್ತಲೇ ನನಗೆ ಏನೋ ಹಗುರ. ಬಸ್ಸಿನ ಕಿಟಕಿಯಲ್ಲಿ ದಿನಾ ಅದೇ ಭತ್ತದ ಗದ್ದೆ ನೋಡಿದವಳಿಗೆ ಇಲ್ಲಿನ ಶೇಂಗಾದ ಹೊಲವೂ ಚೆಂದ ಕಂಡಿತು.

ಮೊದಲ ರಾತ್ರಿ ಚಿತ್ತೂರು. ಬೆಳಿಗ್ಗೆ ಹೋಟೆಲಿನ ತಿಂಡಿಗೆ ಹೋದರೆ, ಬಿಳಿ ಟೋಪಿಯ ಹುಡುಗ ನನ್ನ ಕಣ್ಣ ಮುಂದೆ ದೋಸೆ ಹೊಯ್ದು, ತಂದು ತಟ್ಟೆಗೆ ಹಾಕಿ, ಇನ್ನೊಂದು ತರಲೇ ಅಂತ ಕೇಳಿದ. ಬಿಸಿ ದೋಸೆ ತಿಂದು ಎಷ್ಟು ವರ್ಷವಾಗಿತ್ತೋ. ಮನೆಯಲ್ಲಿ ಎಲ್ಲರದೂ ಆದ ಮೇಲೆ ಕಡೆಯದು ನನ್ನದು, ಅಷ್ಟೊತ್ತಿಗೆ ಹಂಚೂ ಆರಿರುತ್ತದೆ, ಹೊಟ್ಟೆಯೂ ಆರಿರುತ್ತದೆ. ಎರಡು ತಿಂದೆ. ಮೂರನೆಯದು ತಟ್ಟೆಗೆ ಬಿದ್ದಾಗ, ಮೇಲೆ ರೂಮಿನಲ್ಲಿ ಅತ್ತೆ ಹಾಲಿನಲ್ಲಿ ಅವಲಕ್ಕಿ ನೆನೆಸುತ್ತಾ ಕೂತಿರುವುದು ನೆನಪಾಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ತಿನ್ನs, ಪಾಯಿಂಟಿಂದು" ಎಂದರು ನಮ್ಮವರು, ನಾಲ್ಕನೇ ವಡೆ ಮುರಿಯುತ್ತಾ.

ಪುದುಚೇರಿಯಲ್ಲೂ ಹಾಗೆಯೇ ಆಯಿತು. ಸಮುದ್ರದ ಕಡೆ ಮುಖ ಮಾಡಿದ ರೂಮು. ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಬಾಳೆಹಣ್ಣು ಸುಲಿದು ತಿಂದರು. "ನೀವು ಕೆಳಗ ಹೋಗ್ರಿ, ತಡ ಮಾಡಬ್ಯಾಡ್ರಿ. ಬಿಸೀದು ಉಣ್ಣು ಹೋಗು" ಎಂದು ನನ್ನನ್ನು ಅಟ್ಟಿದರು. ಅವರ ದನಿಯಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ. ಅದರಿಂದ ಇನ್ನೂ ಕಸಿವಿಸಿಯಾಯಿತು. ಮೆಟ್ಟಿಲು ಇಳಿಯುವಾಗ ಅವರು ಗೋಡೆ ಹಿಡಿದದ್ದನ್ನು ಆ ಸಂಜೆ ನೋಡಿದೆ.

ಅಲ್ಲಿಂದ ತಿರುಚಿಗೆ ಹೊರಟಾಗ ನಮ್ಮವರ ಉಮೇದು ಹೇಳತೀರದು. ತಿರುಚಿಯ ಹೋಟೆಲೇ ಎಲ್ಲಕ್ಕಿಂತ ದೊಡ್ಡದು, ಉಳಿದ ಪಾಯಿಂಟನ್ನೆಲ್ಲ ಅವರು ಅಲ್ಲೇ ಸುರಿದಿದ್ದರು. ಸ್ಟೇರಿಂಗ್ ಹಿಡಿದುಕೊಂಡೇ ಬಾಯಿಪಾಠ ಒಪ್ಪಿಸಿದರು. "ನಾಳಿ ಬೆಳಿಗ್ಗಿ ತಿಂಡಿ ನೋಡು, ಪೊಂಗಲ್, ಇಡ್ಲಿ, ಆಪಂ. ರಾತ್ರಿ ಊಟದಾಗ ಸಿಹೀನs ಎಂಟು ಥರ. ಎಲ್ಲಾ ಪಾಯಿಂಟಿನಾಗ. ಮಸ್ತ್ ಅದ."

ಹಿಂದಿನಿಂದ ಅತ್ತೆ ಮೆಲ್ಲಗೆ ಅಂದರು, "ನಾಳಿ ಏಕಾದಶಿ ಅಲ್ಲೇನೋ?"

ಕಾರು ನಿಧಾನವಾಯಿತು. ಆಮೇಲೆ ರಸ್ತೆಯ ಮಗ್ಗುಲಿಗೆ ನಿಂತಿತು. ನಮ್ಮವರು ಡ್ಯಾಶ್‌ಬೋರ್ಡಿನಿಂದ ಪಂಚಾಂಗ ತೆಗೆದು, ಕನ್ನಡಕ ಏರಿಸಿ ನೋಡಿದರು. ಏಕಾದಶಿಯೇ. ಹೊರಡುವ ದಿನದ ರಾಹುಕಾಲ ನೋಡಿದ ಮನುಷ್ಯ ಉಳಿದ ದಿನಗಳ ತಿಥಿಯ ಮೇಲೆ ಕಣ್ಣೇ ಹಾಯಿಸಿರಲಿಲ್ಲ. ನಾವು ಮೂವರೂ ಏಕಾದಶಿ ಉಪವಾಸ ಮಾಡುವವರು. ಹೋಟೆಲಿಗೆ ಫೋನ್ ಹಚ್ಚಿ ಊಟವನ್ನು ಮರುದಿನಕ್ಕೆ ತಳ್ಳಲು ಬರುತ್ತದೆಯೇ ಅಂತ ಕೇಳಿದರು. ಬರುವುದಿಲ್ಲವಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವರ್ಷಗಟ್ಟಲೆ ಕೂಡಿಟ್ಟ ಪಾಯಿಂಟು, ಊರಿನವರ ಫ್ರಿಜ್ಜು, ಮಗಳ ಮದುವೆ, ಎಲ್ಲ ಹೋಗಿ ಏಕಾದಶಿಯ ಬಾಯಿಗೆ ಬಿದ್ದಿತ್ತು.

ನಗು ನಿಂತದ್ದು ಮರುದಿನದ ವಿಚಾರ ಬಂದಾಗ. ಏಕಾದಶಿಯ ಹಿಂದೆ ದ್ವಾದಶಿ, ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಈ ಸಲ ದ್ವಾದಶಿ ತಿಥಿ ಬೆಳಿಗ್ಗೆ ಬೇಗ ಮುಗಿದುಹೋಗುತ್ತಿತ್ತು, ಅಷ್ಟರೊಳಗೆ ಉಣ್ಣಬೇಕು. ಅಷ್ಟೊತ್ತಿಗೆ ಹೋಟೆಲಿನವರ ಒಲೆಯೂ ಹತ್ತಿರುವುದಿಲ್ಲ. ಇಷ್ಟು ದಿನ ಅವಲಕ್ಕಿ, ಮೇಲೆ ಒಂದು ದಿನ ಪೂರ್ತಿ ಉಪವಾಸ. ಆ ಜೀವಕ್ಕೆ ಬಿಸಿ ಅನ್ನ ಬೇಕೇ ಬೇಕು. ಮಾಡುವವರು ಯಾರು? ನಾನೇ. ಕಾರಿನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ, ಕಣ್ಣಲ್ಲಿ ನೀರು ಬಂತು. ಅತ್ತೆಯ ಮೇಲಲ್ಲ, ಯಾರ ಮೇಲೂ ಅಲ್ಲ. ಕೆಲವೇ ದಿನ ಕೇಳಿದ್ದೆ, ಅದೂ ಪೂರಾ ದಕ್ಕಲಿಲ್ಲವಲ್ಲ ಅಂತ.

ಏಕಾದಶಿಯ ದಿನ ಶ್ರೀರಂಗಕ್ಕೆ ಹೋದೆವು. ಮಲಗಿದ ರಂಗನಾಥನನ್ನು ನೋಡಿ ಅತ್ತೆ ತುಂಬಾ ಹೊತ್ತು ಕೈಮುಗಿದು ನಿಂತರು. ಹೊರಗೆ ಒಬ್ಬ ಹೆಂಗಸು ಅಗಸೆ ಸೊಪ್ಪಿನ ಕಟ್ಟು ಮಾರುತ್ತಾ ಕೂತಿದ್ದಳು. ಅಲ್ಲಿ ಅದನ್ನು ಆಕಳಿಗೆ ತಿನ್ನಿಸಲು ಕೊಳ್ಳುತ್ತಾರೆ. ನಮಗೆ ಅದು ದ್ವಾದಶಿಯ ಪಲ್ಯ. ಅತ್ತೆ ಎರಡು ಕಟ್ಟು ತೆಗೆದುಕೊಂಡರು. ಆ ಹೆಂಗಸು ಆಕಳನ್ನು ತೋರಿಸಿದಳು. ಅತ್ತೆ ಬೇಡವೆಂದು ತಲೆ ಆಡಿಸಿ ಸೊಪ್ಪನ್ನು ಸೆರಗಿನಲ್ಲಿ ಸುತ್ತಿಕೊಂಡರು. ಆಕಳು ನಮ್ಮ ಹಿಂದೆ ಕಾರಿನವರೆಗೂ ಬಂತು. ನಮ್ಮವರು ಒಂದು ಕಟ್ಟು ಕಸಿದುಕೊಂಡು ಅದಕ್ಕೆ ಕೊಟ್ಟು ಪಾರಾದರು. ನನಗೆ ನಗು ಬರಲಿಲ್ಲ. ಸೊಪ್ಪು ಬಂತು ಅಂದಮೇಲೆ ನಾಳೆಯ ಅಡಿಗೆ ನನ್ನ ತಲೆಗೇ ಗಂಟು ಬಿತ್ತು ಅಂದುಕೊಂಡೆ.

ಸಂಜೆ ನಾನೇ ಹೋಗಿ ಹೇಳಿದೆ, "ಅತ್ತಿ, ನಾಳಿ ನಾ ಮಾಡ್ತೀನ್ರಿ. ಪ್ಯಾಟ್ಯಾಗ ಒಂದು ಸಣ್ಣ ಸ್ಟೋ ತರಸ್ತೀನಿ."

"ನೋಡೂಣಂತ. ನೀ ಮಲಕೋ" ಎಂದು ಅವರು ತಮ್ಮ ಮಡಿ ಸೀರೆ ಹಿಂಡಿ ಕಿಟಕಿಯ ಸರಳಿಗೆ ಹರವಿದರು. ಯಾರೂ ಬಂದು ಮುಟ್ಟಬಾರದೆಂದು ನಮ್ಮವರು ಬಾಗಿಲಿಗೆ ತೊಂದರೆ ಕೊಡಬೇಡಿ ಅನ್ನುವ ಚೀಟಿ ತಗುಲಿಹಾಕಿದರು. ಸ್ಟೋ ತರಲು ಮಾತ್ರ ಹೋಗಲಿಲ್ಲ. ಕೇಳಿದರೆ, "ಆಗ್ತದ ತಗೋ" ಎಂದರು. ನಾನು ನಸುಕಿಗೆ ಅಲಾರಾಂ ಇಟ್ಟು ಮಲಗಿದೆ.

ಅಲಾರಾಂ ಹೊಡೆಯಲಿಲ್ಲ. ನನ್ನನ್ನು ಎಬ್ಬಿಸಿದ್ದು ಜೀರಿಗೆ, ಶುಂಠಿಯ ವಾಸನೆ. ಗಾಬರಿಯಾಗಿ ಎದ್ದು ಕೂತೆ. ಕಿಟಕಿಯ ಹತ್ತಿರದ ಮೇಜಿನ ಮೇಲೆ ಒಂದು ಪುಟ್ಟ ಕರೆಂಟಿನ ಕುಕ್ಕರು ಕುದಿಯುತ್ತಿತ್ತು. ಅದರ ಮುಂದೆ ಮಡಿ ಸೀರೆ ಉಟ್ಟ ಅತ್ತೆ, ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ಅಕ್ಕಿ ಹೆಸರುಬೇಳೆಯ ಹುಗ್ಗಿ ತಿರುವುತ್ತಿದ್ದರು. ಸೊಪ್ಪು ಆಗಲೇ ಬೆಂದು ಡಬ್ಬಿಯಲ್ಲಿತ್ತು. ಮಂಡಿನೋವು ಬಂದ ಮೇಲೆ ಅವರು ಅಡಿಗೆ ಮನೆ ನನಗೆ ಬಿಟ್ಟುಕೊಟ್ಟವರು, ಅಂದಿನಿಂದ ಸೌಟು ಹಿಡಿದಿರಲಿಲ್ಲ. ನಮ್ಮವರು ಸ್ನಾನ ಮುಗಿಸಿ, ಪಂಚೆ ಕಚ್ಚೆ ಹಾಕಿ, ಕುರ್ಚಿಯ ಮೇಲೆ ನಿಂತು ಹೊಗೆ ಕಂಡರೆ ಕೂಗುವ ಛಾವಣಿಯ ಗಂಟೆ ಹೊಡೆಯದ ಹಾಗೆ ಹೋಟೆಲಿನ ತಿಂಡಿಯ ಪಟ್ಟಿಯಿಂದ ಗಾಳಿ ಹಾಕುತ್ತಿದ್ದರು.

"ನಾ ಮಾಡ್ತಿದ್ದೆನಲ್ರಿ" ಎಂದೆ.

"ಹೋಗು, ಸ್ನಾನ ಮಾಡಿ ಬಾ. ಹೊತ್ತಾಗ್ತದ" ಎಂದರು ಅತ್ತೆ.

ಸ್ನಾನ ಮಾಡಿ ಬರುವಷ್ಟರಲ್ಲಿ ನೈವೇದ್ಯ ಆಗಿತ್ತು. ನೆಲದ ಮೇಲೆ ಮೂರು ಮುತ್ತುಗದ ಎಲೆ. ನಮ್ಮವರು ಕೂಡಲು ಹೋದರೆ ಅತ್ತೆ ತಡೆದರು. "ನೀ ತಡಿ. ಮೊದ್ಲು ಆಕಿ ಕುಂದ್ರಲಿ." ನಮ್ಮ ಮನೆಯಲ್ಲಿ ಗಂಡಸರದಾಗದೆ ಹೆಂಗಸರಿಗೆ ಎಲೆ ಹಾಕಿದ್ದು ನಾನು ಕಂಡಿಲ್ಲ. ಕೂತೆ. ಬಿಸಿ ಹುಗ್ಗಿ, ಅದರ ಮೇಲೆ ತುಪ್ಪ, ಮಗ್ಗುಲಿಗೆ ಅಗಸೆ ಸೊಪ್ಪು.

"ಕುಕ್ಕರ್ ಎಲ್ಲಿಂದ ಬಂತ್ರಿ?" ಎಂದೆ.

"ಟ್ರಂಕಿನಾಗ ತಂದಿದ್ದೆ."

"ಅಂದ್ರ ಏಕಾದಶಿ ಬರ್ತದಂತ ನಿಮಗ ಮೊದ್ಲs ಗೊತ್ತಿತ್ತು?"

"ಏಕಾದಶಿ ಯಾವಾಗ ಅಂತ ನನಗ ಯಾರು ಹೇಳಬೇಕು? ಇವ ಹೋಟೆಲ್ ಹಿಡಿದ ದಿನಾನs ಗೊತ್ತಿತ್ತು. ಹೇಳಿದ್ರ ತಾರೀಕು ಮುಂದಕ್ಕ ಹಾಕ್ತಿದ್ದ. ನಿನ್ನ ರಜಾ ಮುಗೀತಿತ್ತು, ಇವನ ಪಾಯಿಂಟು ಸಾಯ್ತಿದ್ದವು. ನೀ ಮತ್ತ ಒಲಿ ಮುಂದs ಇರ್ತಿದ್ದಿ."

ನಾನು ಕೇಳಿದೆ, "ಕುಕ್ಕರ್ ಇತ್ತಲ್ರಿ, ಮತ್ತ ಇಷ್ಟು ದಿನ ಅವಲಕ್ಕಿ ಯಾಕ ತಿಂದ್ರಿ? ನಿಮಗಷ್ಟು ಅನ್ನ ಮಾಡಿಕೋಬಹುದಿತ್ತಲ್ಲ?"

"ನಾ ಅಕ್ಕಿ ತೊಳಿಯೂ ಸಪ್ಪಳ ಕೇಳಿದ್ರ ನೀ ಸುಮ್ನ ಕುಂದರ್ತಿದ್ದೇನು, ಹುಚ್ಚಿ? ಸೆರಗು ಸಿಗಿಸಿಕೊಂಡು ಬರ್ತಿದ್ದಿ. ಯಾರರ ಬಡಿಸಿದ್ದು ಉಣಬೇಕಂತ ಅಂದಿದ್ದಿಯಲ್ಲ, ಉಣ್ಣು ಈಗ. ಆರ್ತದ."

ಅವಲಕ್ಕಿ ತಿಂದು, ನಿತ್ರಾಣವಾಗಿ ಗೋಡೆ ಹಿಡಿದು ಮೆಟ್ಟಿಲು ಇಳಿದದ್ದೆಲ್ಲ ನನ್ನ ಮೇಲಿನ ಹಟಕ್ಕೆ ಅಂತ ತಿಳಿದಿದ್ದೆ. ಅಳು ಬಂತು, ತಡೆಯಲಿಲ್ಲ. ಅಳುತ್ತಲೇ ತುತ್ತು ಬಾಯಿಗಿಟ್ಟೆ.

ಅತ್ತೆ ಸೌಟು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. "ಉಪ್ಪು ಬರೋಬರಿ ಅದಲ್ಲ? ಭಾಳ ವರ್ಷ ಆತು ನೋಡು, ಕೈ ಮರತದ" ಎಂದರು, ಹೊಸದಾಗಿ ಬಂದ ಸೊಸೆ ಕೇಳುವ ಹಾಗೆ.

ಉಪ್ಪು ಹಾಕುವುದನ್ನೇ ಅವರು ಮರೆತಿದ್ದರು.

"ಬರೋಬರಿ ಅದರಿ. ಇನ್ನೊಂದಿಷ್ಟು ಬಡಿಸ್ರಿ" ಎಂದೆ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಎಲೆಯ ಮುಂದೆ ಕೂತು, ಇನ್ನಷ್ಟು ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.