ವೆಂಡೆಲನ ಕೆಂಪು ಚುಕ್ಕೆ
ನಮ್ಮ ಮಿಸೌರಿಯ ಶೂಟಿಂಗ್ ಕ್ಲಬ್ಬಿನ ಶನಿವಾರದ ಪಂದ್ಯಕ್ಕೆ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಹೆಚ್ಚು ಮಾತಾಡಿ, ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಹೆಸರು ಬರೆಸಿಕೊಂಡು ಹೋಗುವವನು ವೆಂಡೆಲ್ ಕ್ರೌಸ್. ಅವನ ಪಿಸ್ತೂಲಿನ ಬೆನ್ನ ಮೇಲೆ ಗುರಿ ನೋಡಲು ಅಂಚೆಚೀಟಿಯಷ್ಟಗಲದ ಗಾಜಿನ ಸೈಟು. ಅದರೊಳಗೆ ಉರಿಯುವ ಕೆಂಪು ಚುಕ್ಕೆಯನ್ನು ಗುರಿಯ ಮೇಲಿಟ್ಟು ಗುಂಡು ಹಾರಿಸಿದರಾಯಿತು. "ಕಬ್ಬಿಣದ ಮೊನೆ ನೋಡಿ ಹೊಡೆಯೋ ಕಾಲ ಮುಗೀತು ಕಣಮ್ಮಾ" ಎಂದು ಎಪ್ಪತ್ತರ ಲೋರ್ನಾಗೆ ಉಪದೇಶ ಬೇರೆ. ತನ್ನ ಸರದಿಯ ಬಜರ್ ಕೂಗಿತೋ, ಮಹಾಶಯನಿಗೆ ಚುಕ್ಕೆಯೇ ಸಿಗದು. ಮಂಚದಡಿ ಚಪ್ಪಲಿ ತಡಕುವವನಂತೆ ಪಿಸ್ತೂಲಿನ ಮೂತಿಯನ್ನು ಮೇಲೆ ಕೆಳಗೆ ಆಡಿಸುತ್ತಾನೆ. ಹಳೇ ಪಿಸ್ತೂಲಿನಲ್ಲೇ ಗುರಿಗೆ ನಿಲ್ಲಿಸಿದ ಆರೂ ತಗಡು ಉರುಳಿಸಿ ಕೂತ ಲೋರ್ನಾ ಹಿಂದಿನಿಂದ "ಸಿಕ್ತೇನಪ್ಪಾ, ಟಾರ್ಚ್ ತರ್ಲಾ?" ಎನ್ನುತ್ತಾಳೆ. ತಪ್ಪು ಯಾವತ್ತೂ ಸೈಟಿನದೇ. "ಇದೂ ಡಿಫೆಕ್ಟ್ ಪೀಸು!" ಎಂದು ಮೂರು ವರ್ಷದಲ್ಲಿ ಐದು ಬದಲಾಯಿಸಿದ. ಊರು ಕಾಯುವ ಹೊಣೆಯನ್ನೂ ತಾನೇ ಹೊತ್ತಿದ್ದಾನೆ. ಅಂಗಿಯಡಿ ಅದೇ ಪಿಸ್ತೂಲು ಸಿಕ್ಕಿಸಿಕೊಂಡು, ಡೋನಟ್ ತಿನ್ನುವಾಗಲೂ ಬಾಗಿಲಿಗೆ ಮುಖಮಾಡಿ ಕೂರುತ್ತಾನೆ. ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು, ನಮ್ಮೆಲ್ಲರ ರಕ್ಷಣೆಗಾಗಿ ಪ್ರಾರ್ಥನೆಯಲ್ಲೂ ಕಣ್ಣು ಮುಚ್ಚುವುದಿಲ್ಲ. ಕಳೆದ ಶನಿವಾರ ನನ್ನ ಪಿಸ್ತೂಲಿನ ಅಂಥದೇ ಸೈಟಿನೊಳಗೂ ಇಣುಕಿದ. ಬಹಳ ಹೊತ್ತು ನೋಡಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡು, ದನಿ ತಗ್ಗಿಸಿ ಕೇಳಿದ: "ನಿಜ ಹೇಳೋ, ನಿಂಗೆ ಇದು ಒಂದೇ ಚುಕ್ಕೆ ಕಾಣುತ್ತಾ? ದ್ರಾಕ್ಷಿ ಗೊಂಚಲಿನ ಥರ ಕಾಣಲ್ವಾ?" "ಒಂದೇ, ದುಂಡಗೆ. ಕಣ್ಣು ತೋರಿಸ್ಕೊಂಡು ಬಾ ಮಾರಾಯ" ಎಂದೆ. ಮರುದಿನವೂ ಚರ್ಚಿನ ಅದೇ ಬೆಂಚಿನಲ್ಲಿ, ಅಂಗಿಯಡಿ ಅದೇ ಉಬ್ಬಿನೊಂದಿಗೆ ಬಂದು ಕೂತ. ಆದರೆ ಪ್ರಾರ್ಥನೆಗೆ ಮೊದಲ ಸಲ ಕಣ್ಣು ಮುಚ್ಚಿದ. ಆ ಉಬ್ಬಿನ ಮೇಲೆ ಕಣ್ಣಿಟ್ಟಿದ್ದ ನಾನು ಮುಚ್ಚಲಿಲ್ಲ.